ಹತ್ತನೆಯ ಹಲಗೆ

“ಮಿಶ್ರ ಬಗೆಯ ಅಪರಾಧಿ ಅಂತ ಒಬ್ಬ ಮನುಷ್ಯನನ್ನ ನಾನು ಇವತ್ತಿನವರೆಗೆ ಕಂಡಿಲ್ಲ, ಸರ್,” ಎಂದು ವಿನುತಾ ವರದಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

ಸಬ್ ಇನ್ಸ್‌ಪೆಕ್ಟರ್ ವಿಶ್ವನಾಥ ಸಾಹೇಬರು ಗೋಡೆ ಗಡಿಯಾರ ನೋಡಿದರು. ಎರಡೂವರೆ. ನಾಲ್ಕು ಗಂಟೆಗೆ ಮಂಜನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಕೃಷ್ಣಾನಂದನನ್ನು ಕೊಂದವನು ತಾನೇ ಎಂದು ಅವನು ನಿನ್ನೆ ಸಂಜೆ ಕಾಗಾಲದಿಂದ ಠಾಣೆಗೆ ನಡೆದು ಬಂದು ಹೇಳಿದ್ದ. ಒಮ್ಮೆ ಜೈಲಿನ ಬಾಗಿಲು ದಾಟಿದನೆಂದರೆ ಅವನು ಹೇಳಿದ್ದೇ ಸತ್ಯವಾಗಿ ನಿಲ್ಲುತ್ತದೆ. ಆಮೇಲೆ ಯಾರೂ ಬೇರೆ ಕಡೆ ಹುಡುಕುವುದಿಲ್ಲ.

“ಬರೆದವರು ದೊಡ್ಡ ಡಾಕ್ಟರು, ಮೇಡಂ. ಗುರುದತ್ತ ಅಂದ್ರೆ ರಾಜಧಾನಿಯಲ್ಲಿ ಹೆಸರಿದೆ.”

“ದೊಡ್ಡವರೇ. ಆದ್ರೆ ಅವ್ರು ಫೋಟೋ ನೋಡಿ ಬರೆದದ್ದು. ಜಂತ್ರಡಿ ನೋಡಿ ಅಲ್ಲ.”

ಈ ಮಾತು ಕೇಳಿ ನನ್ನ ಎದೆ ಒಂದು ಗೇಣು ಉಬ್ಬಿತು. ಸುಳ್ಳು ಯಾಕೆ ಹೇಳಲಿ? ನಾನು ಮಹಾಬಲ ಗೌಡ, ಈ ಠಾಣೆಯ ಎ.ಎಸ್.ಐ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದೆ. ವಿನುತಾ ನಮ್ಮ ಧಾರೇಶ್ವರದ ಹುಡುಗಿ, ಧಾರವಾಡದಲ್ಲಿ ಅಪರಾಧ ಮನಶ್ಶಾಸ್ತ್ರ ಕಲಿಸುತ್ತಾಳೆ. ರಜೆಗೆ ಬಂದವಳನ್ನು ಈ ಪ್ರಕರಣಕ್ಕೆ ಎಳೆದು ತಂದವನು ನಾನೇ. ದೊಡ್ಡ ಡಾಕ್ಟರ ವರದಿಯನ್ನು ನಮ್ಮೂರ ಹುಡುಗಿ ಹಪ್ಪಳದ ಹಾಗೆ ಮುರಿಯುವಾಗ ಪಕ್ಕದಲ್ಲಿ ನಿಲ್ಲುವ ಭಾಗ್ಯ ಎಲ್ಲ ಪೊಲೀಸರಿಗೂ ಸಿಗುವುದಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೃಷ್ಣಾನಂದನ ಹೆಣ ಕಾಗಾಲದ ಜಂತ್ರಡಿಯ ಹೊರಗೆ, ಹೊಳೆಯ ಬದಿಯಲ್ಲಿ ತೇಲುತ್ತಿತ್ತು. ತಲೆಗೆ ಎರಡು ಏಟು. ಪಕ್ಕದ ಕೆಸರಿನಲ್ಲಿ ರಕ್ತ ಮೆತ್ತಿದ ಒಂದು ಹಲಗೆ. ಅವನು ಸಿಗಡಿ ವ್ಯಾಪಾರಿ. ಜಂತ್ರಡಿಯ ಬಾಯಿಗೆ ಕಟ್ಟಿದ್ದ ಅವನ ಬಲೆ ಖಾಲಿಯಾಗಿ ನೇತಾಡುತ್ತಿತ್ತು.

ಜಂತ್ರಡಿ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಳಬೇಕು. ಅಘನಾಶಿನಿಯ ದಡದ ನಮ್ಮ ಗಜನಿ ಗದ್ದೆಗಳಿಗೂ ಉಪ್ಪು ಹೊಳೆಗೂ ನಡುವೆ ಇರುವ ಬಾಗಿಲು ಅದು. ಕಲ್ಲಿನ ಎರಡು ಕಂಬ, ಅವುಗಳಲ್ಲಿ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಇಳಿಸುವ ಹಲಗೆಗಳು, ಸಂದಿಗೆ ಹುಲ್ಲು, ಮೇಲೆ ಜೇಡಿಮಣ್ಣು. ಕಗ್ಗದ ಭತ್ತ ಬೆಳೆದು ನಿಂತ ಮೇಲೆ ಉಪ್ಪುನೀರಿಗೆ ಹೆದರುವುದಿಲ್ಲ. ಆದರೆ ಬಿತ್ತಿದ ಮೊದಲ ವಾರ ಮೊಳಕೆ ಇನ್ನೂ ಬೇರು ಕಚ್ಚಿರುವುದಿಲ್ಲ. ಆಗ ಒಂದು ಉಬ್ಬರ ಒಳಗೆ ಬಂದರೆ ಇಡೀ ಊರಿನ ಬಿತ್ತನೆ ತೊಳೆದು ಹೋಗುತ್ತದೆ. ಕಾಗಾಲದಲ್ಲಿ ಬಿತ್ತಿ ಐದೇ ದಿನವಾಗಿತ್ತು. ಅಲ್ಲಿಯ ಜಂತ್ರಡಿ ಕಾಯುವವನು ಮಂಜ.

ನಾನು ಜಂತ್ರಡಿ ಕಾಯುವ ಮನೆಯಲ್ಲೇ ಹುಟ್ಟಿದವನು. ಹೊಳೆಯ ಮುಂದಿನ ತಿರುವಿನ ಗಜನಿ ನಮ್ಮದು. ಅಪ್ಪ ಬೊಮ್ಮಯ್ಯ ನಲವತ್ತು ವರ್ಷ ಅದನ್ನು ಕಾದರು, ಈಗ ನನ್ನ ತಮ್ಮ ಹಮ್ಮ ಕಾಯುತ್ತಾನೆ. ಪ್ರತಿ ಜಂತ್ರಡಿಯ ಹಲಗೆಗೂ ಅದರದೇ ಗುರುತು. ಅಪ್ಪನ ಗುರುತು ಮೀನಿನ ಬಾಲ, ಕೆಳಗೆ ಹಲಗೆಯ ಸಂಖ್ಯೆಗೆ ತಕ್ಕಷ್ಟು ಗೀರು. ಪ್ರವಾಹ ಬಂದರೂ ಒಂದು ಜಂತ್ರಡಿಯ ಹಲಗೆಯನ್ನು ಇನ್ನೊಂದಕ್ಕೆ ಕೊಡುವ ಪದ್ಧತಿ ಇಲ್ಲ. “ಹೆಣ್ಣು ಕೊಟ್ಟೇವು, ಹಲಗೆ ಕೊಡೆವು” ಎಂದು ಅಪ್ಪ ಇವತ್ತಿಗೂ ಮೀಸೆ ತಿರುವುತ್ತಾರೆ.

ಬೆಳಿಗ್ಗೆ ಜೀಪಿನಲ್ಲಿ ಇದನ್ನೆಲ್ಲ ಹೇಳಿ ನಾನು ವಿನುತಾಳ ತಲೆ ತಿಂದಿದ್ದೆ. ತಮ್ಮನ ವಿಷಯವನ್ನೂ ಹೇಳಿದ್ದೆ. ಕುಮಟೆಯಲ್ಲಿರುವ ನನಗೆ ಅವನು ತಿಂಗಳಿಗೊಮ್ಮೆಯಾದರೂ ಮೀನು ತಲುಪಿಸುತ್ತಾನೆ. ಸೋಮವಾರವೂ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಬೈಕಿನಲ್ಲಿ ಬಂದು ಒಂದು ಚೀಲ ಸಿಗಡಿ ಕೊಟ್ಟು ಹೋಗಿದ್ದ. ಸೊಂಟದವರೆಗೆ ಒದ್ದೆ. “ಎಂತದೋ, ನೀರಿಗೆ ಬಿದ್ಯಾ?” ಎಂದರೆ ನಗಲೂ ಇಲ್ಲ. ಅಂಥ ಕೆಲಸಗಾರ, ಮಾತು ಕಡಿಮೆ ಎಂದು ಹೊಗಳಿದ್ದೆ.

“ಅಪರಾಧ ಅಂದ್ರೆ ಎಂತ, ಮಹಾಬಲಣ್ಣ?” ವಿನುತಾ ಈಗ ನನ್ನ ಕಡೆ ತಿರುಗಿದಳು.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, “ಕಲಂ ಏನು ಹೇಳ್ತದೋ ಅದು,” ಎಂದರು. “ಇಲ್ಲಿ ನೂರಾ ಮೂರು, ಕೊಲೆ.”

“ಅದು ಕಾಯ್ದೆ ಹೇಳೋ ಮಾತು. ನಮ್ಮ ಶಾಸ್ತ್ರ ಅಲ್ಲಿಗೇ ನಿಲ್ಲೋದಿಲ್ಲ. ಮಾಡಿದವನು ಅದನ್ನ ಎಂತ ಅಂತ ತಿಳ್ಕೊಂಡಿದ್ದ? ಅವನ ಊರು ಅದಕ್ಕೆ ಎಂತ ಹೇಳ್ತದೆ? ಲಾಭಕ್ಕೆ ಮಾಡೋರು ಇದ್ದಾರೆ, ಸಿಟ್ಟಿನ ಭರದಲ್ಲಿ ಮಾಡೋರು ಇದ್ದಾರೆ. ಗುರುದತ್ತ ಅವ್ರು ಮಂಜಣ್ಣನನ್ನ ಚಾಳಿಬಿದ್ದವನು ಅಂತ ಬರೆದಿದ್ದಾರೆ, ಹಳೇ ಕೇಸು ಎರಡಿವೆ ಅಂತ. ಆ ಕೇಸು ಎಂತದ್ದು ಅಂತ ಕೇಳಿದ್ದಾರಾ?”

ಅದು ನನಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಸಂತೆಯಲ್ಲಿ ಒಬ್ಬ, “ನಿನ್ನ ಜಂತ್ರಡಿ ಸೋರ್ತದೆ” ಎಂದ. ಮಂಜ ಅವನ ಎರಡು ಹಲ್ಲು ಉದುರಿಸಿದ. ನಾಲ್ಕು ವರ್ಷದ ಹಿಂದೆ ಇನ್ನೊಬ್ಬ ಅದೇ ಮಾತು ಹೇಳಿದ. ಅವನ ಮೂಗಿನ ಮೂಳೆ ಹೋಯಿತು.

“ನೋಡಿ,” ಎಂದಳು ವಿನುತಾ. “ಅವನ ಸಿಟ್ಟು ಎರಡು ಸಲವೂ ಒಂದೇ ಮಾತಿಗೆ ಬಂದದ್ದು. ಅದು ಚಾಳಿ ಅಲ್ಲ, ಅಭಿಮಾನ. ಇನ್ನೊಂದು ಬಗೆಯವರು ಇದ್ದಾರೆ, ಮಹಾಬಲಣ್ಣ. ನಾನು ಮಾಡಿದ್ದು ತಪ್ಪೇ ಅಲ್ಲ, ನನ್ನ ಮನೆತನದ ಕರ್ತವ್ಯ ಅಂತ ತಲೆ ಎತ್ತಿ ಮಾಡೋರು. ಅವ್ರನ್ನ ಹಿಡಿಯೋದು ಬಹಳ ಕಷ್ಟ. ಅವ್ರು ಓಡೋದಿಲ್ಲ. ಮಾಡಿ ಬಂದು ಊಟಕ್ಕೆ ಕೂತ್ಕೊಳ್ತಾರೆ.”

“ನಮ್ಮ ಕಡೆ ಅಂಥವ್ರೇ ಜಾಸ್ತಿ, ಮೇಡಂ,” ಎಂದು ನಕ್ಕೆ. ಆಗ ನನಗೆ ನಗು ಬಂದಿತ್ತು.

“ಸರಿ, ಈ ಮಿಶ್ರದ ತಕರಾರು ಎಂತದ್ದು?” ಸಾಹೇಬರು ಮತ್ತೆ ಗಡಿಯಾರ ನೋಡಿದರು.

“ಹೊಡೆದ ರೀತಿ ನೋಡಿ. ಕೈಗೆ ಸಿಕ್ಕಿದ್ದರಲ್ಲಿ ಎರಡು ಏಟು, ಹೆಣ ಬಿದ್ದಲ್ಲೇ ಬಿಟ್ಟದ್ದು, ಹಲಗೆ ಅಲ್ಲೇ ಎಸೆದದ್ದು. ಇದು ಅವ್ಯವಸ್ಥಿತ ಅಪರಾಧಿಯ ಲಕ್ಷಣ. ಆಮೇಲೆ ಜಂತ್ರಡಿ ನೋಡಿ. ಕೃಷ್ಣಾನಂದ ಸಿಗಡಿಗೋಸ್ಕರ ಕದ್ದು ತೆಗೆದಿದ್ದ ಬಾಗಿಲನ್ನ ಯಾರೋ ಹಲಗೆಗೆ ಹಲಗೆ ಕೂರಿಸಿ, ಹುಲ್ಲು ತುಂಬಿ, ಮಣ್ಣು ಮೆತ್ತಿ ಮುಚ್ಚಿದ್ದಾರೆ. ಅರ್ಧ ಗಂಟೆಯ ಕೆಲಸ. ಇದು ವ್ಯವಸ್ಥಿತ ಮನಸ್ಸು. ಎರಡೂ ಒಂದೇ ಕಡೆ ಕಂಡದ್ದಕ್ಕೆ ಡಾಕ್ಟರು ಮಿಶ್ರ ಅಂದ್ರು. ನಾನು ಹೇಳೋದು ಬೇರೆ. ಅಲ್ಲಿ ಎರಡು ಮನಸ್ಸು ಇತ್ತು. ಹೊಡೆದ ಕೈ ಬೇರೆ, ಮುಚ್ಚಿದ ಕೈ ಬೇರೆ.”

“ಎರಡೂ ನಂದೇ ಅಂತ ಮಂಜ ಹೇಳ್ತಾನಲ್ಲ?”

“ಕೇಳೋಣ. ಕೊಲೆಯ ಸುದ್ದಿ ಎತ್ತೋದು ಬೇಡ. ಜಂತ್ರಡಿ ಬಗ್ಗೆ ಮಾತ್ರ ಕೇಳೋಣ.”

ಮಂಜನನ್ನು ಕರೆತಂದೆ. ಐವತ್ತರ ಗಟ್ಟಿ ಆಳು. ಬಲಗೈಯನ್ನು ಮೈಗೆ ಒತ್ತಿಕೊಂಡೇ ನಡೆದು ಬಂದು ಸ್ಟೂಲಿನ ಮೇಲೆ ಕುಳಿತ. ನೀರು ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡ. ಅವನ ಹೆಂಡತಿ ಸಣ್ಣಿ ಗಂಜಿ ತಂದಿದ್ದವಳು ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಕಳಿಸಬೇಕೇ ಎಂದು ಕಣ್ಣಲ್ಲೇ ಕೇಳಿದೆ. ಇರಲಿ ಎಂದು ವಿನುತಾ ತಲೆಯಾಡಿಸಿದಳು.

“ಊಟ ಆತಾ, ಮಂಜಣ್ಣ?”

“ಆತು.”

“ಒಂದು ಮಾತು. ನಿಮ್ಮ ಜಂತ್ರಡಿ ಸೋರಿದೆಯಂತೆ.”

ನಾನು ಎರಡು ಹೆಜ್ಜೆ ಮುಂದೆ ಬಂದೆ. ಹಲ್ಲು, ಮೂಗು ಎರಡೂ ನನಗೆ ನೆನಪಿದ್ದವು.

ಮಂಜ ನೆಲ ನೋಡಿದ. “ಸೋರಿರಬೌದು.”

“ಮೂರನೇ ಹಲಗೆ ಓರೆ ಕೂತಿತ್ತಂತೆ. ಮಣ್ಣು ಬರೀ ಮೇಲಿಂದ ಸವರಿದ್ದಂತೆ. ಕೆಲಸ ಬಾರದವರು ಮಾಡಿದ್ದು ಅಂತ ಊರವರು ನಗ್ತಿದ್ದಾರಂತೆ.”

“ನಗ್ಲಿ ಬಿಡಿ, ಅಮ್ಮ. ನಂದೇ ತಪ್ಪು.”

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಈ ಮಾತು ಮಂಜನ ಬಾಯಿಂದ ಬರಬೇಕಾದರೆ ಅಘನಾಶಿನಿ ಹಿಂದಕ್ಕೆ ಹರಿಯಬೇಕು. ವಿನುತಾ ಅವನ ಮುಖ ನೋಡುತ್ತಿರಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

“ಯಾರು ನಗೂದು?” ಎಂದಳು ಸಣ್ಣಿ.

“ಸಣ್ಣೀ, ನೀ ಸುಮ್ನಿರು.”

“ಎಂತಕ್ಕೆ ಸುಮ್ನಿರೂದು? ಮೂರನೇ ಹಲಗೆ ಓರೆ ಅಂತೆ. ನೋಡ್ದವ್ರು ಯಾರು, ಕರೀರಿ. ಅಡಿಂದ ಮೇಲ್ತನಕ ಒಂದೊಂದು ಸಂದಿಗೂ ಹುಲ್ಲು ಕೊಟ್ಟು, ಮಣ್ಣು ಮೂರು ಸಲ ತುಳ್ದು, ಅಂಗೈಲಿ ಒತ್ತಿ ಕೂರ್ಸಿದ್ದು. ಒಂದು ತೊಟ್ಟು ನೀರು ಒಳಗೆ ಬರ್ಲಿಲ್ಲ. ಗದ್ದೆಲಿ ಒಂದು ಮೊಳಕೆ ಕದಲಿದ್ರೆ ನನ್ನ ಕೇಳಿ.”

ಮಂಜ ಎಡಗೈಯಿಂದ ಮುಖ ಮುಚ್ಚಿಕೊಂಡ.

“ಕೂರ್ಸಿದ್ದು ಯಾರು, ಸಣ್ಣಕ್ಕ?” ವಿನುತಾ ಮೆತ್ತಗೆ ಕೇಳಿದಳು.

ಸಣ್ಣಿ ಒಂದು ಗಳಿಗೆ ಗಂಡನನ್ನು ನೋಡಿದಳು. ಆಮೇಲೆ ತಲೆ ಎತ್ತಿದಳು. “ನಾನೇ. ಎರಡು ವರ್ಷ ಆತು. ಇವ್ರ ಬಲದ ತೋಳು ಏಳೂದಿಲ್ಲ. ಹೇಳ್ದ್ರೆ ಜಂತ್ರಡಿ ಬೇರೆಯವ್ರಿಗೆ ಹೋಗ್ತದೆ. ದಿನಾ ಬೆಳಕು ಹರಿಯೂಕೆ ಮೊದಲು ನಾ ಹೋಗೂದು, ಇವ್ರು ಆಮೇಲೆ ಬಂದು ನೋಡೂದು.”

ಹೊರಗಿನವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ನಮ್ಮಲ್ಲಿ ಹೆಂಗಸರು ಜಂತ್ರಡಿಯ ಕಲ್ಲು ಹತ್ತುವಂತಿಲ್ಲ. ಯಾವ ಕಲಮಿನಲ್ಲೂ ಇಲ್ಲದ ಈ ಅಪರಾಧಕ್ಕೆ ಊರಿನಲ್ಲಿ ಕ್ಷಮೆಯಿಲ್ಲ. ಮೊದಲು ನನಗೂ ಮೈ ಜುಮ್ಮೆಂದಿತು. ಮರುಗಳಿಗೆಗೇ ಅಪ್ಪನ ಮಾತು ನೆನಪಾಯಿತು. ಕಾಗಾಲದ ಜಂತ್ರಡಿ ಎರಡು ವರ್ಷದಿಂದ ಹಿಂದೆಂದೂ ಇಲ್ಲದಷ್ಟು ಬಿಗಿಯಾಗಿದೆ ಎಂದು ಹೋದ ದೀಪಾವಳಿಗೆ ಅವರೇ ಹೊಗಳಿದ್ದರು. ಅಪ್ಪ ಹೊಗಳಿದ್ದು ಈ ಹೆಂಗಸಿನ ಕೈಯನ್ನು. ನನಗೆ ಅವಳ ಬಗ್ಗೆ ಬಹಳ ಹೆಮ್ಮೆಯೆನಿಸಿತು, ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

“ಸೋಮವಾರ ಎಂತ ಆತು?”

“ಹೋದಾಗ ಮೂರು ಹಲಗೆ ತೆಗ್ದು ದಂಡೆ ಮೇಲೆ ಹಾಕಿದ್ರು. ಬಾಯಿಗೆ ಕೃಷ್ಣಾನಂದನ ಬಲೆ. ನೀರು ನುಗ್ಗೂಕೆ ಹಿಡ್ದಿತ್ತು. ನರಪಿಳ್ಳೆ ಇರ್ಲಿಲ್ಲ. ನಾ ಬಲೆ ಬದಿಗೆ ಸರ್ಸಿ, ಎಲ್ಲಾ ಬಿಚ್ಚಿ, ಅಡಿಂದ ಮತ್ತೆ ಕೂರ್ಸಿ ಬಂದೆ. ಬಲೆ ತುಂಬ ಸಿಗಡಿ ಇತ್ತು. ಪರರ ಮಾಲು, ಮುಟ್ಲಿಲ್ಲ. ಮನೆಗೆ ಬಂದ್ರೆ ಇವ್ರು ಇರ್ಲಿಲ್ಲ. ಆಗಲೇ ನೋಡೂಕೆ ಹೋಗಿದ್ರು.”

“ನೀವು ಹೋದಾಗ, ಮಂಜಣ್ಣ?”

ಮಂಜನ ದನಿ ಒಡೆದಿತ್ತು. “ಹೆಣ ತೇಲ್ತಿತ್ತು. ಇವಳ ಕೆಲ್ಸ ಅಂದ್ಕಂಡೆ. ಮೊಳಕೆ ಹಾಳು ಮಾಡೂಕೆ ಬಂದ, ಸಿಟ್ಟಲ್ಲಿ ಹೊಡ್ದಳು ಅಂದ್ಕಂಡೆ.”

“ನಾನು ಇವ್ರ ಕೆಲ್ಸ ಅಂದ್ಕಂಡೆ,” ಎಂದಳು ಸಣ್ಣಿ.

ಮೂರು ದಿನ ಒಂದೇ ಮನೆಯಲ್ಲಿ, ಒಂದೇ ಒಲೆಯ ಗಂಜಿ ಉಂಡುಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಬಾಯಿ ಬಿಟ್ಟು ಕೇಳಲಿಲ್ಲ.

ಸಾಹೇಬರು ಕುರ್ಚಿಯಿಂದ ಎದ್ದರು. “ಕತೆ ಚೆನ್ನಾಗಿದೆ. ಆದ್ರೆ ಹೆಂಡ್ತಿ ಗಂಡನ ಪರ ಹೇಳೋದು ಹೊಸದಲ್ಲ. ಕೊಲೆ ಆದದ್ದು ಜಂತ್ರಡಿಯ ಹಲಗೆಯಿಂದ. ಗುರುತಿಸಿದವನು ನೀನೇ ಅಲ್ವಾ, ಮಹಾಬಲ?”

“ಹೌದು, ಸರ್.”

“ನಮ್ಮ ಜಂತ್ರಡಿಗೆ ಇರೂದು ಒಂಬತ್ತು ಹಲಗೆ, ಸಾಹೇಬ್ರೆ,” ಎಂದಳು ಸಣ್ಣಿ. “ಒಂಬತ್ತನ್ನೂ ನಾ ಕೂರ್ಸಿ ಬಂದೆ. ಅದ್ರಲ್ಲಿ ಒಂದು ಕಿತ್ತಿದ್ರೆ ಮುಂದಿನ ಉಬ್ಬರಕ್ಕೇ ಗದ್ದೆ ಹೋಗ್ತಿತ್ತು.”

ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಸೋಮವಾರ ಸಾಹೇಬರು ಆ ಹಲಗೆ ತೋರಿಸಿ “ಇದೇನು?” ಎಂದಾಗ, ಕೆಸರು ಮೆತ್ತಿದ ಅದರ ಆಕಾರ ಒಂದನ್ನೇ ನೋಡಿ, “ಜಂತ್ರಡಿ ಹಲಗೆ, ಸರ್” ಎಂದು ಎದೆಯುಬ್ಬಿಸಿ ಹೇಳಿದ್ದೆ. ಬಾಗಿಲಲ್ಲಿ ಉಳಿದವು ಎಷ್ಟು ಎಂದು ಎಣಿಸಲಿಲ್ಲ. ಗೊತ್ತಿಲ್ಲದವನು ಎಣಿಸುತ್ತಿದ್ದ. ನನಗೆ ಎಲ್ಲ ಗೊತ್ತಿತ್ತಲ್ಲ.

ಸಾಹೇಬರು ಕಾಗಾಲದಲ್ಲಿ ಕಾವಲಿಗಿದ್ದ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿದರು. ಹತ್ತು ನಿಮಿಷಕ್ಕೆ ಉತ್ತರ ಬಂತು. ಈಗ ಇಳಿತ, ಮೇಲಿಂದ ಅಡಿಯವರೆಗೆ ಎಲ್ಲ ಕಾಣುತ್ತದೆ, ಒಂಬತ್ತು ಹಲಗೆ, ಒಂದೂ ಹೋಗಿಲ್ಲ.

“ಹಾಗಾದ್ರೆ ನಮ್ಮ ಹತ್ರ ಇರೋದು ಹತ್ತನೆಯದು,” ಎಂದಳು ವಿನುತಾ.

ಸಾಹೇಬರು ನಿಧಾನವಾಗಿ ಕುಳಿತರು. ಮಂಜನ ತಪ್ಪೊಪ್ಪಿಗೆಯ ಕಾಗದವನ್ನು ಅವರು ಪಕ್ಕಕ್ಕೆ ಸರಿಸಿದ್ದು ಎಲ್ಲರಿಗೂ ಕಂಡಿತು. ಸಣ್ಣಿ ಡಬ್ಬಿಯನ್ನು ನೆಲಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ವಿನುತಾಳನ್ನು ನೋಡಿದೆ. ಒಂದು ಸುಳ್ಳು ಅವಮಾನದ ಮಾತಿನಿಂದ ಒಬ್ಬ ನಿರಪರಾಧಿಯನ್ನು ಜೈಲಿನ ಬಾಗಿಲಿಂದ ತಿರುಗಿಸಿ ತಂದಿದ್ದಳು. ಧಾರೇಶ್ವರದ ಹುಡುಗಿ.

“ಹಲಗೆ ತನ್ನಿ, ಮಹಾಬಲಣ್ಣ.”

ಮುದ್ದೇಮಾಲು ಕೋಣೆಗೆ ಉತ್ಸಾಹದಿಂದಲೇ ಹೋದೆ. ಪ್ಲಾಸ್ಟಿಕ್ ಹೊದಿಸಿ ಮೊಹರು ಮಾಡಿದ್ದ ಹಲಗೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲೆ ಮಲಗಿಸಿದೆ. ಮೂರು ದಿನದಲ್ಲಿ ಕೆಸರು ಒಣಗಿ, ಬಿರಿದು, ಪ್ಲಾಸ್ಟಿಕ್ಕಿನ ಒಳಗೇ ಉದುರಿ ಬಿದ್ದಿತ್ತು.

“ಗುರುತು ನೋಡಿ, ಸಣ್ಣಕ್ಕ. ಮುಟ್ಟೋದು ಬೇಡ.”

ಸಣ್ಣಿ ಬಾಗಿದಳು. ಹಲಗೆಯ ಒಂದು ತುದಿ ನೋಡಿ, ಇನ್ನೊಂದು ತುದಿಗೆ ಬಂದಳು. ಅಲ್ಲಿ ನಿಂತಳು. ಮಂಜನೂ ಕುಳಿತಲ್ಲಿಂದಲೇ ಕತ್ತು ಚಾಚಿ ನೋಡಿ, ಕಣ್ಣು ಮುಚ್ಚಿಕೊಂಡ.

“ನಮ್ಮದಲ್ಲ,” ಎಂದಳು.

“ಯಾರದ್ದು?”

ಸಣ್ಣಿ ಡಬ್ಬಿ ಎತ್ತಿಕೊಂಡು ಗೋಡೆಗೆ ಒರಗಿ ನಿಂತಳು. “ಮಾಬ್ಲಣ್ಣ, ನೀವೇ ನೋಡಿ,” ಎಂದಳು. ಅವಳ ದನಿಯಲ್ಲಿ ಕನಿಕರವಿತ್ತು. ಅದೇ ನನ್ನನ್ನು ಹೆದರಿಸಿದ್ದು.

ನೋಡಿದೆ.

ಮೀನಿನ ಬಾಲ. ಎಡದ ಗೀರು ಬಲದ್ದಕ್ಕಿಂತ ಅರ್ಧ ಬೆರಳು ಉದ್ದ. ಅಪ್ಪನ ಉಳಿ ಯಾವಾಗಲೂ ಅಲ್ಲಿ ಸ್ವಲ್ಪ ಜಾರುತ್ತಿತ್ತು. ಅದನ್ನು ತೋರಿಸಿ ತೋರಿಸಿಯೇ ಅವರು ನಮ್ಮಿಬ್ಬರಿಗೂ ಗುರುತು ಕಲಿಸಿದ್ದು. ಕೆಳಗೆ ಏಳು ಗೀರು. ಏಳನೆಯ ಹಲಗೆ, ಹೋದ ವರ್ಷ ಹೊಸದು ಕೂರಿಸಿದ ಮೇಲೆ ನಮ್ಮ ಮನೆಯ ಅಟ್ಟ ಸೇರಿದ್ದ ಹಳೆಯದು.

ಹೆಣ್ಣು ಕೊಟ್ಟೇವು, ಹಲಗೆ ಕೊಡೆವು. ಕೊಡುವುದಿಲ್ಲವೆಂದ ಮೇಲೆ ಅದು ಬೇರೆಯವರ ಕೈಗೆ ಹೋಗಿರಲು ಸಾಧ್ಯವಿಲ್ಲ. ನಮ್ಮ ಮನೆಯವರೇ ಹೊತ್ತು ತಂದಿರಬೇಕು.

“ಯಾರ ಹಲಗೆ, ಮಹಾಬಲ?” ಸಾಹೇಬರು ಕೇಳಿದರು. ಅವರಿಗೆ ಗೀರು ಓದಲು ಬಾರದು. ಗೊತ್ತಿಲ್ಲ ಎಂದರೆ ನಂಬುತ್ತಿದ್ದರು. ಸಣ್ಣಿಯೂ ಮಂಜನೂ ಬಾಯಿ ಬಿಡುವವರಲ್ಲ. ಆದರೆ ಗೊತ್ತಿಲ್ಲ ಎಂದರೆ ಆ ಕಾಗದ ಮತ್ತೆ ಮಂಜನ ಮುಂದೆ ಬರುತ್ತಿತ್ತು. ಬೊಮ್ಮಯ್ಯನ ಮಗ ಅಪ್ಪನ ಗುರುತು ತಿಳಿಯದು ಎಂದು ಹೇಳಿದಂತಾಗುತ್ತಿತ್ತು.

“ನಮ್ಮನೆದು, ಸರ್,” ಎಂದೆ. ದನಿ ನಡುಗಲಿಲ್ಲ. ಅಷ್ಟರ ಮಟ್ಟಿಗೆ ನನಗೆ ನನ್ನ ಮೇಲೆ ಹೆಮ್ಮೆಯಿದೆ.

ವಿನುತಾ ಎದ್ದು ಬಂದಳು. ಮಂಜನನ್ನು ಎಬ್ಬಿಸಿ, ಅವನು ಕುಳಿತಿದ್ದ ಸ್ಟೂಲನ್ನು ನನ್ನ ಕಡೆ ಸರಿಸಿದಳು.

“ಕೂತ್ಕೊಳ್ಳಿ, ಮಹಾಬಲಣ್ಣ.” ಮಂಜನ ಊಟ ವಿಚಾರಿಸಿದಾಗ ಇದ್ದ ಅದೇ ಮೆತ್ತನೆಯ ದನಿ. “ಸೋಮವಾರ ಬೆಳಿಗ್ಗೆ ಹಮ್ಮ ನಿಮ್ಮನೆಗೆ ಬಂದಿದ್ದ ಅಂದ್ರಲ್ಲ. ಎಂತ ತಂದಿದ್ದ ಅಂದ್ರಿ?”

“ಸಿಗಡಿ,” ಎಂದೆ.

ಹೇಳಿದ ಮೇಲೆ ಕೇಳಿಸಿಕೊಂಡೆ. ನಮ್ಮ ಗಜನಿಯಲ್ಲೂ ಬಿತ್ತನೆಯಾಗಿದೆ, ಜಂತ್ರಡಿ ಮುಚ್ಚಿದೆ, ಒಳಗೆ ಸಿಗಡಿ ಇಲ್ಲ. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ತದಡಿ ಬಂದರಿನ ಬೋಟುಗಳು ದಡ ಹತ್ತಿ ವಾರವಾಗಿತ್ತು. ಆ ದಿನ ಆ ಹೊಳೆಯಲ್ಲಿ ಸಿಗಡಿ ತುಂಬಿದ್ದ ಬಲೆ ನನಗೆ ಗೊತ್ತಿದ್ದ ಮಟ್ಟಿಗೆ ಒಂದೇ.

“ಈಗ ಎಲ್ಲಿದೆ ಅದು?” ಎಂದರು ಸಾಹೇಬರು.

ಸೋಮವಾರ ಮಧ್ಯಾಹ್ನವೇ ಸಾರು ಮಾಡಿ ತಿಂದಿದ್ದೆವು. ನಾನು ಎರಡು ಸಲ ಬಡಿಸಿಕೊಂಡಿದ್ದೆ.